ಬಚ್ಚಿಟ್ಟುಕೊಂಡಿದ್ದ ಮನುಷ್ಯ ಗುರುತಿನ ಚೀಟಿ ತೋರಿಸುತ್ತಿರುವುದು ಯಾಕೆ? ಫೆಲಿಕ್ಸ್ ನುಸ್‌ಬಾಮ್ ಬಗ್ಗೆ ಗೊತ್ತಿರುವವರು ಹೇಳಿ

ಇದ್ದಿಲ ಗೆರೆ:

ನಮಸ್ಕಾರ. ನಾನು ಚಿತ್ರಕಲೆ ಓದಿದವಳಲ್ಲ. ಮೂರು ವರ್ಷದಿಂದ ರಾತ್ರಿ ಕೆಲಸ ಮುಗಿದ ಮೇಲೆ ಕನ್ನಡಿ ಮುಂದೆ ಕೂತು ನನ್ನ ಮುಖವನ್ನೇ ಇದ್ದಿಲಿನಲ್ಲಿ ಬರೆಯುತ್ತಾ ಕೈ ಪಳಗಿಸುತ್ತಿದ್ದೇನೆ. ಬೇರೆಯವರು ತಮ್ಮ ಮುಖವನ್ನು ಹೇಗೆ ಬರೆದುಕೊಂಡಿದ್ದಾರೆ ಅಂತ ನೋಡುತ್ತಾ ಹೋದಾಗ ಜರ್ಮನಿಯ ಯಹೂದಿ ಚಿತ್ರಕಾರ ಫೆಲಿಕ್ಸ್ ನುಸ್‌ಬಾಮ್ ಅವರ ಒಂದು ಚಿತ್ರ ಸಿಕ್ಕಿತು. ಆಮೇಲೆ ಒಂದು ವಾರ ನನ್ನ ಕೈ ಓಡಲೇ ಇಲ್ಲ.

ನೋಡದವರಿಗಾಗಿ ಹೇಳುತ್ತೇನೆ. ಎತ್ತರದ ಗೋಡೆ. ಅದರ ಮೂಲೆಗೆ ಸಿಕ್ಕಿಕೊಂಡ ಹಾಗೆ ಒಬ್ಬ ಮನುಷ್ಯ. ಹ್ಯಾಟು, ಕೋಟು, ಗಡ್ಡ ಬೋಳಿಸಿ ಒಂದೆರಡು ದಿನ ಆಗಿರುವಂಥ ಮುಖ. ಒಂದು ಕೈಯಿಂದ ಕೋಟಿನ ಕಾಲರ್ ಎತ್ತಿದ್ದಾರೆ, ಅಲ್ಲಿ ಹಳದಿ ನಕ್ಷತ್ರ ಕಾಣುತ್ತದೆ, ಯಹೂದಿಗಳು ತೊಡಲೇಬೇಕು ಅಂತ ನಾಜಿಗಳು ಮಾಡಿದ್ದ ಗುರುತು. ಇನ್ನೊಂದು ಕೈಯಲ್ಲಿ ಗುರುತಿನ ಚೀಟಿ. ಅದರ ಮೇಲೆ ಕೆಂಪು ಅಕ್ಷರದಲ್ಲಿ ಯಹೂದಿ ಅಂತ ಫ್ರೆಂಚ್‌ನಲ್ಲಿ ಒಮ್ಮೆ, ಡಚ್‌ನಲ್ಲಿ ಒಮ್ಮೆ ಮುದ್ರೆ. ಗೋಡೆಯ ಆಚೆ ಕೊಂಬೆ ಕಡಿದ ಒಂದು ಮರ. 1943ರ ಚಿತ್ರ.

ಆಮೇಲೆ ಓದಿದೆ. ಆಗ ಅವರು ಬ್ರಸೆಲ್ಸ್‌ನಲ್ಲಿ ಬಚ್ಚಿಟ್ಟುಕೊಂಡಿದ್ದರಂತೆ. ನನಗೆ ಅರ್ಥ ಆಗದೆ ಇರುವುದು ಇದೇ. ಪ್ರಾಣ ಉಳಿಸಿಕೊಳ್ಳಲು ಏನನ್ನು ಮುಚ್ಚಿಡಬೇಕಿತ್ತೋ ಅದನ್ನೇ ಯಾಕೆ ಹೀಗೆ ಎತ್ತಿ ತೋರಿಸುತ್ತಾರೆ? ಯಾರಿಗೆ ತೋರಿಸುತ್ತಿದ್ದಾರೆ? ನಿಜವಾಗಿ ಹೀಗೆ ಯಾರೋ ಹಿಡಿದು ನಿಲ್ಲಿಸಿದ್ದರಾ?

ಇನ್ನೊಂದು. ಅವರು ಬದುಕಿ ಬರಲಿಲ್ಲ ಅಂತ ಗೊತ್ತು. ಹಾಗಿದ್ದರೆ ಈ ಚಿತ್ರ ಹೇಗೆ ಉಳಿಯಿತು?

ಒಂಟಿ ಕಿಟಕಿ:

ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ಓದಿಗಾಗಿ ನಾನು ಎರಡು ವರ್ಷ ಜರ್ಮನಿಯ ಒಸ್ನಾಬ್ರುಕ್‌ನಲ್ಲಿದ್ದೆ. ಅದು ಫೆಲಿಕ್ಸ್ ಹುಟ್ಟಿದ ಊರು. ಅವನ ಹೆಸರಿನ ಮ್ಯೂಸಿಯಂ ಅಲ್ಲೇ ಇದೆ. ಆ ಎರಡು ವರ್ಷದಲ್ಲಿ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಷ್ಟು ಹತ್ತಿರದವನಾಗಿಬಿಟ್ಟಿದ್ದಾನೆ. ಮನೆಯವರನ್ನು ಬಹುವಚನದಲ್ಲಿ ಕರೆದರೆ ನಾಲಿಗೆಗೆ ಒಗ್ಗುವುದಿಲ್ಲ ಅಲ್ವಾ, ಹಾಗೆ.

ನೇರವಾಗಿ ಉತ್ತರ ಹೇಳುವ ಮೊದಲು ಒಂದು ಮಾತು. ನೀವು ಅವನನ್ನು 1943ರಲ್ಲಿ ಭೇಟಿಯಾಗಿದ್ದೀರಿ. ಎಲ್ಲರೂ ಅಲ್ಲೇ ಭೇಟಿಯಾಗುತ್ತಾರೆ, ನಾನೂ ಹಾಗೇ. ಅದರಿಂದ ಒಂದು ತೊಂದರೆ ಆಗುತ್ತದೆ. ಅವನು ಹುಟ್ಟಿದ್ದೇ ಆ ಗೋಡೆಯ ಮೂಲೆಯಲ್ಲಿ ನಿಲ್ಲುವುದಕ್ಕೆ ಅನಿಸಿಬಿಡುತ್ತದೆ. ಹಾಗಲ್ಲ. ಅವನಿಗೆ ಅದಕ್ಕೂ ಮುಂಚೆ ಒಂದು ದೊಡ್ಡ ಬದುಕಿತ್ತು, ಕೀಟಲೆ ತುಂಬಿದ ಬದುಕು.

1904ರ ಡಿಸೆಂಬರ್ 11ರಂದು ಹುಟ್ಟಿದ. ಅಪ್ಪ ಫಿಲಿಪ್ ಕಬ್ಬಿಣದ ವ್ಯಾಪಾರಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿದವರು. ಬಿಡುವಿದ್ದಾಗ ತಾವೂ ಚಿತ್ರ ಬರೆಯುತ್ತಿದ್ದರು, ವ್ಯಾನ್ ಗೋ ಅಂದರೆ ಪ್ರಾಣ. ಮಗ ಚಿತ್ರಕಾರ ಆಗುತ್ತೇನೆ ಅಂದಾಗ ಬೇಡ ಅನ್ನಲಿಲ್ಲ, ಮೊದಲು ಹ್ಯಾಂಬರ್ಗ್‌ಗೆ, ಆಮೇಲೆ ಬರ್ಲಿನ್‌ಗೆ ಕಲಿಯಲು ಕಳಿಸಿದರು. ಅವನ ಶುರುವಿನ ಚಿತ್ರಗಳಲ್ಲಿ ವ್ಯಾನ್ ಗೋ ಎದ್ದು ಕಾಣುತ್ತಾನೆ. ಅದು ಅಪ್ಪನಿಂದ ಬಂದ ಆಸ್ತಿ ಅಂತ ನನಗೆ ಅನಿಸುತ್ತದೆ.

1931ರಲ್ಲಿ ಬರೆದ 'ಹುಚ್ಚು ಚೌಕ' ಅನ್ನುವ ಚಿತ್ರವನ್ನು ಮೊದಲು ನೋಡಿ. ಈಗ ಬರ್ಲಿನ್ನಿನ ಬರ್ಲಿನಿಶೆ ಗ್ಯಾಲರಿಯಲ್ಲಿದೆ. ಬ್ರಾಂಡೆನ್‌ಬರ್ಗ್ ದ್ವಾರದ ಎದುರಿನ ಪಾರಿಸರ್ ಪ್ಲಾಟ್ಜ್ ಚೌಕ. ಕಪ್ಪು ಕೋಟು ತೊಟ್ಟ ವಯಸ್ಸಾದ ಪ್ರೊಫೆಸರುಗಳು ಸಾಲಾಗಿ ಕಲಾ ಅಕಾಡೆಮಿಯ ಒಳಗೆ ಹೋಗುತ್ತಿದ್ದಾರೆ. ಹೊರಗೆ ಹುಡುಗ ಚಿತ್ರಕಾರರು ತಮ್ಮ ತಮ್ಮ ಚಿತ್ರ ಹೊತ್ತುಕೊಂಡು ಗದ್ದಲ ಎಬ್ಬಿಸಿದ್ದಾರೆ. ಪಕ್ಕದಲ್ಲಿ ಮ್ಯಾಕ್ಸ್ ಲೀಬರ್‌ಮನ್ ಅವರ ಮನೆ. ಆಗ ಅಕಾಡೆಮಿಯ ಅಧ್ಯಕ್ಷರು ಅವರೇ, ಜರ್ಮನಿಯ ಬಹು ದೊಡ್ಡ ಚಿತ್ರಕಾರ, ಅವರೂ ಯಹೂದಿ. ಫೆಲಿಕ್ಸ್ ಅಂಥ ಲೀಬರ್‌ಮನ್ ಅವರನ್ನೇ ಮನೆಯ ಮಾಡಿನ ಮೇಲೆ ಕೂರಿಸಿ ಚಿತ್ರ ಬರೆಸುತ್ತಿದ್ದಾನೆ! 26 ವರ್ಷದ ಹುಡುಗ. ಎಷ್ಟು ಧೈರ್ಯ, ಎಷ್ಟು ತುಂಟತನ ನೋಡಿ. ಆ ಚಿತ್ರದಿಂದ ಬರ್ಲಿನ್ನಿನಲ್ಲಿ ಅವನ ಹೆಸರು ನಾಲ್ಕು ಜನರ ಬಾಯಲ್ಲಿ ಬಂತು.

ಮರುವರ್ಷ ರೋಮ್‌ನ ವಿಲ್ಲಾ ಮಾಸಿಮೋದಲ್ಲಿ ಇದ್ದು ಚಿತ್ರ ಬರೆಯುವ ಅವಕಾಶ ಸಿಕ್ಕಿತು. ಜರ್ಮನ್ ಕಲಾವಿದರಿಗೆ ಅದು ದೊಡ್ಡ ಗೌರವ. ಅವನು ರೋಮ್‌ನಲ್ಲಿದ್ದಾಗಲೇ, 1932ರ ಡಿಸೆಂಬರ್‌ನಲ್ಲಿ, ಬರ್ಲಿನ್ನಿನ ಸ್ಟುಡಿಯೋಗೆ ಬೆಂಕಿ ಬಿತ್ತು. ಸುಮಾರು 150 ಚಿತ್ರಗಳು ಸುಟ್ಟುಹೋದವು. ಅಲ್ಲಿಯವರೆಗಿನ ದುಡಿಮೆಯಲ್ಲಿ ಬಹುಪಾಲು ಹೋಯಿತು. ಮರುತಿಂಗಳೇ ಹಿಟ್ಲರ್ ಅಧಿಕಾರಕ್ಕೆ ಬಂದ. 1933ರ ಮೇ ತಿಂಗಳಲ್ಲಿ ಫೆಲಿಕ್ಸ್ ವಿಲ್ಲಾ ಬಿಡಬೇಕಾಯಿತು. ಆಮೇಲೆ ಅವನು ಜರ್ಮನಿಗೆ ಬದುಕಲು ಹೋಗಲೇ ಇಲ್ಲ.

ಈಗ ನಿಮ್ಮ ಚಿತ್ರಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

1935ರಲ್ಲಿ ಅವನು ಬೆಲ್ಜಿಯಂನ ಸಮುದ್ರದ ದಡದ ಊರು ಓಸ್ಟೆಂಡ್‌ಗೆ ಬಂದ, ಆಮೇಲೆ ಬ್ರಸೆಲ್ಸ್‌ಗೆ. ಜೊತೆಗೆ ಫೆಲ್ಕಾ ಪ್ಲಾಟೆಕ್, ಅವಳೂ ಚಿತ್ರಕಾರ್ತಿ. 1937ರಲ್ಲಿ ಇಬ್ಬರೂ ಬ್ರಸೆಲ್ಸ್‌ನಲ್ಲಿ ಮದುವೆಯಾದರು. 1940ರ ಮೇ 10ರಂದು ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಆಗ ಅವನನ್ನು ಹಿಡಿದವರು ಯಾರು ಗೊತ್ತಾ? ಬೆಲ್ಜಿಯಂನವರೇ. ಜರ್ಮನ್ ಪ್ರಜೆ, ಅಂದರೆ ಶತ್ರು ದೇಶದವನು ಅಂತ. ಜರ್ಮನಿಗೆ ಅವನು ಯಹೂದಿ, ಬೆಲ್ಜಿಯಂಗೆ ಅವನು ಜರ್ಮನ್. ದಕ್ಷಿಣ ಫ್ರಾನ್ಸಿನ ಸಾಂ ಸಿಪ್ರಿಯಾನ್ ಅನ್ನುವ ಕಡಲ ದಡದ ಶಿಬಿರಕ್ಕೆ ಕಳಿಸಿದರು. ಮರಳಿನ ಮೇಲೆ ಗುಡಿಸಲು, ಸುತ್ತ ಮುಳ್ಳುತಂತಿ, ರೋಗ. ಆಗಸ್ಟ್‌ನಲ್ಲಿ ಜರ್ಮನಿಗೇ ವಾಪಸ್ ಕಳಿಸಿ ಅಂತ ಬರೆದುಕೊಟ್ಟ. ದಾರಿಯಲ್ಲಿ ಬೋರ್ಡೋ ಊರಿನಲ್ಲಿ ತಪ್ಪಿಸಿಕೊಂಡು ಬ್ರಸೆಲ್ಸ್‌ಗೆ, ಫೆಲ್ಕಾ ಹತ್ತಿರ ಬಂದ. ಅಲ್ಲಿಂದ ಮುಂದೆ ಅಡಗುವ ಬದುಕು.

ಗುರುತಿನ ಚೀಟಿಯ ಚಿತ್ರದಲ್ಲಿ ಇರುವ ಘಟನೆ ನಡೆದದ್ದಲ್ಲ. ಅವನ ಬದುಕನ್ನು ಹುಡುಕಿ ಬರೆದವರ ಪ್ರಕಾರ, ಅವನು ನಕ್ಷತ್ರ ಹೊಲಿದ ಕೋಟು ತೊಟ್ಟು ಬೀದಿಯಲ್ಲಿ ಓಡಾಡಿದವನಲ್ಲ. ಹಾಗೆ ಹಿಡಿದು ನಿಲ್ಲಿಸಿದ್ದರೆ ಚಿತ್ರ ಬರೆಯುವುದಕ್ಕೆ ಅವನು ಉಳಿಯುತ್ತಲೇ ಇರಲಿಲ್ಲ. ಬ್ರಸೆಲ್ಸ್‌ನಿಂದ ಸ್ವಲ್ಪ ದೂರದ ಮೆಖೆಲೆನ್ ಊರಿನ ದೊಸಾಂ ಬ್ಯಾರಕ್‌ನಿಂದ, ಅಂದರೆ ಹಿಡಿದ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಜಾಗದಿಂದ, 1942ರ ಆಗಸ್ಟ್‌ನಲ್ಲೇ ನಾಜಿಗಳ ಕೊಲೆ ಶಿಬಿರ ಔಶ್ವಿಟ್ಜ್‌ಗೆ ರೈಲುಗಳು ಹೊರಡಲು ಶುರುವಾಗಿತ್ತು.

ಅಂದರೆ ಅದು ಅವನು ದಿನಾ ಎದುರು ನೋಡುತ್ತಿದ್ದ ಕ್ಷಣ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದಾಗಲೆಲ್ಲ ಮನಸ್ಸಿನಲ್ಲಿ ಬರುತ್ತಿದ್ದ ಕ್ಷಣ. ಅದನ್ನು ತಾನೇ ಕೂತು ಬರೆದ. ನೀವು ಕೇಳಿದಿರಲ್ಲ, ಯಾರಿಗೆ ತೋರಿಸುತ್ತಿದ್ದಾನೆ ಅಂತ. ಚಿತ್ರದ ಎದುರು ನಿಂತಾಗ ನನಗೆ ಗೊತ್ತಾಯಿತು. ಚೀಟಿ ಕೇಳಿದವನು ನಿಂತಿರುವ ಜಾಗದಲ್ಲಿ ನಾನು ನಿಂತಿದ್ದೇನೆ. ನನಗೇ ತೋರಿಸುತ್ತಿದ್ದಾನೆ. ಮೊದಲ ಸಲ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವನ ಕಣ್ಣು ಬಿಡಲಿಲ್ಲ.

ಪರದೆಯ ಮೇಲೆ ಗೊತ್ತಾಗದ ಎರಡು ವಿಷಯ ಹೇಳುತ್ತೇನೆ. ಒಂದು, ಅದು ಸಣ್ಣ ಚಿತ್ರ. 56 ಸೆಂಟಿಮೀಟರ್ ಎತ್ತರ, 49 ಅಗಲ. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ನಾನು ಆಳೆತ್ತರದ ಚಿತ್ರ ಅಂದುಕೊಂಡು ಹೋಗಿದ್ದೆ. ಎರಡು, ಆ ಚೀಟಿಯನ್ನು ಹತ್ತಿರದಿಂದ ಓದಿ. ಹೆಸರು ಇದೆ. ಹುಟ್ಟಿದ ಊರು ಇರಬೇಕಾದ ಕಡೆ ಅಕ್ಷರ ಕಲಸಿಹೋಗಿವೆ. ರಾಷ್ಟ್ರೀಯತೆಯ ಜಾಗದಲ್ಲಿ ಇಲ್ಲ ಅನ್ನುವ ಅರ್ಥದ ಫ್ರೆಂಚ್ ಪದ. ಆ ಚಿತ್ರವನ್ನು ನಾನು ನೋಡಿದ್ದು ಅವನು ಹೆಸರು ಅಳಿಸಿದ ಅದೇ ಊರಿನಲ್ಲಿ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಒಸ್ನಾಬ್ರುಕ್ ಅಂತ ಬರೆದ ಬೋರ್ಡು ನೋಡಿದಾಗ ಹೊಟ್ಟೆಯೊಳಗೆ ಏನೋ ಆಯಿತು.

ಗೋಡೆ ಆಚೆಯ ಮರದ ಬಗ್ಗೆ ಬರೆದಿದ್ದೀರಿ. ಕಡಿದ ಕೊಂಬೆಯ ಮರದ ಹತ್ತಿರವೇ ಹೂಬಿಟ್ಟ ಒಂದು ಗಿಡವೂ ಇದೆ. ಮತ್ತೆ ನೋಡಿ.

ಕ್ಯಾನ್ವಾಸ್ ಚೀಲ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಎಣ್ಣೆಬಣ್ಣದಲ್ಲಿ ಕೆಲಸ ಮಾಡುವವನು. ಅದಕ್ಕೇ ಒಂದು ಮಾತು ಸೇರಿಸುತ್ತೇನೆ.

ಬಚ್ಚಿಟ್ಟುಕೊಂಡು ಎಣ್ಣೆಬಣ್ಣ ಬಳಸುವುದು ಅಂದರೆ ಏನು ಅಂತ ಯೋಚನೆ ಮಾಡಿ. ಟರ್ಪೆಂಟೈನ್ ವಾಸನೆ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತದೆ, ಮೆಟ್ಟಿಲು ಹತ್ತುತ್ತದೆ, ಪಕ್ಕದ ಮನೆಗೆ ಹೋಗುತ್ತದೆ. ನಾನು ಕೆಲಸ ಮಾಡಿದ ದಿನ ಕೆಳಗಿನ ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಚಿತ್ರ ಒಣಗಲು ದಿನಗಟ್ಟಲೆ ಬೇಕು, ಅಷ್ಟು ದಿನವೂ ವಾಸನೆ. ಮೇಲೆ ಯಾರೂ ಇಲ್ಲ ಅಂತ ಎಲ್ಲರೂ ತಿಳಿದಿರುವ ಅಟ್ಟದಿಂದ ಬಣ್ಣದ ವಾಸನೆ ಬಂದರೆ?

ಅದಕ್ಕೇ ಅವರು ಇರುತ್ತಿದ್ದ ಜಾಗ ಬೇರೆ, ಬರೆಯುತ್ತಿದ್ದ ಜಾಗ ಬೇರೆ. ಇರುತ್ತಿದ್ದುದು ರ್ಯೂ ಆರ್ಷಿಮೆದ್, ಅಂದರೆ ಆರ್ಕಿಮಿಡೀಸ್ ಹೆಸರಿನ ಬೀದಿಯ ಒಂದು ಮನೆಯ ಅಟ್ಟದಲ್ಲಿ. ಬರೆಯುತ್ತಿದ್ದುದು ಇನ್ನೊಂದು ಬೀದಿಯ ನೆಲಮಾಳಿಗೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೀದಿಗೆ ಇಳಿಯಲೇಬೇಕು. ಸಿಕ್ಕಿಬಿದ್ದರೆ ಮುಗಿಯಿತು. ಆ ಅಪಾಯವನ್ನು ಅವರು ಮೈಮೇಲೆ ಎಳೆದುಕೊಂಡದ್ದು ಬಣ್ಣ ಹಚ್ಚುವುದಕ್ಕಾಗಿ. ಪೆನ್ಸಿಲ್ ಹಿಡಿದು ಅಟ್ಟದಲ್ಲೇ ಕೂತಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಇನ್ನೊಂದು ಚಿತ್ರ ಹೇಳುತ್ತೇನೆ, ಇದ್ದಿಲ ಗೆರೆ ಅವರೇ, ನೀವು ನೋಡಲೇಬೇಕು. ಅದೂ 1943, ಆಗಸ್ಟ್. ಈಸೆಲ್, ಅಂದರೆ ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟಿನ ಮುಂದೆ ಕೂತ ಸೆಲ್ಫ್ ಪೋರ್ಟ್ರೇಟ್. ಹ್ಯಾಟಿಲ್ಲ, ಕೋಟಿಲ್ಲ, ನಕ್ಷತ್ರ ಇಲ್ಲ. ಬರಿಮೈ. ಬಾಯಲ್ಲಿ ಪೈಪು, ಕೈಯಲ್ಲಿ ಪ್ಯಾಲೆಟ್. ಮುಂದೆ ಬಾಟಲಿಗಳು, ಅವಕ್ಕೆ ಚೀಟಿ ಅಂಟಿಸಿದೆ. ನಾನು ಆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತೇನೆ. ಮೊದಲನೆಯದರಲ್ಲಿ ನೀನು ಯಾರು ಅಂತ ಪೊಲೀಸ್ ಕೇಳಿದ್ದಕ್ಕೆ ಚೀಟಿ ಉತ್ತರ ಕೊಡುತ್ತಿದೆ. ಎರಡನೆಯದರಲ್ಲಿ ಅದೇ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಿದ್ದಾರೆ.

ನೂಲಿನ ಉಂಡೆ:

ಫೆಲ್ಕಾ ಹೆಸರು ಒಂದೇ ವಾಕ್ಯದಲ್ಲಿ ಬಂದು ಹೋಯಿತು. ನನಗೆ ಯಾವಾಗಲೂ ಇದೇ ಸಂಕಟ.

ಫೆಲ್ಕಾ ಪ್ಲಾಟೆಕ್ ಹುಟ್ಟಿದ್ದು 1899ರಲ್ಲಿ, ವಾರ್ಸಾದಲ್ಲಿ. ಚಿತ್ರ ಕಲಿಯಲು ಬರ್ಲಿನ್‌ಗೆ ಬಂದವರು. ಅಲ್ಲೇ ಫೆಲಿಕ್ಸ್ ಪರಿಚಯ. ಆಮೇಲೆ ಇಟಲಿ, ಓಸ್ಟೆಂಡ್, ಬ್ರಸೆಲ್ಸ್, ಅಟ್ಟ, ಕೊನೆಯ ರೈಲು, ಎಲ್ಲದರಲ್ಲೂ ಜೊತೆಗಿದ್ದರು. 1940ರಲ್ಲಿ ಗಂಡ ಶಿಬಿರದಲ್ಲಿದ್ದಾಗ ಜರ್ಮನ್ ಸೇನೆ ಹಿಡಿದ ಬ್ರಸೆಲ್ಸ್‌ನಲ್ಲಿ ಒಬ್ಬರೇ ಇದ್ದರು. ಅವರು ಬರೆದ ಮುಖಗಳು, ಮೇಜಿನ ಮೇಲಿನ ವಸ್ತುಗಳ ಚಿತ್ರಗಳು ಕೆಲವೇ ಉಳಿದಿವೆ. ಒಸ್ನಾಬ್ರುಕ್‌ನ ಮ್ಯೂಸಿಯಂ ಅವನ್ನೂ ಇಟ್ಟುಕೊಂಡಿದೆ ಅನ್ನುವುದೇ ಸಮಾಧಾನ. ದಯವಿಟ್ಟು ಅವರನ್ನು ಬರೀ ಹೆಂಡತಿ ಅಂತ ಬರೆಯಬೇಡಿ.

ಫೆಲಿಕ್ಸ್ 1942ರಲ್ಲಿ ಬರೆದ 'ಸಂಜೆ' ಅನ್ನುವ ಚಿತ್ರದಲ್ಲಿ ಇಬ್ಬರೂ ಇದ್ದಾರೆ. ಮೈಮೇಲೆ ಬಟ್ಟೆ ಇಲ್ಲ, ಕೋಣೆಯೊಳಗೆ ನಿಂತಿದ್ದಾರೆ. ಪ್ರೀತಿಯ ಚಿತ್ರವೇ. ಆದರೆ ಆ ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟು ಹಿಡಿದುಕೊಳ್ಳಲು ಬೇರೆ ಏನೂ ಉಳಿದಿಲ್ಲ.

ಇದ್ದಿಲ ಗೆರೆ:

ಒಂಟಿ ಕಿಟಕಿ, ಕ್ಯಾನ್ವಾಸ್ ಚೀಲ, ನೂಲಿನ ಉಂಡೆ, ಮೂವರಿಗೂ ಧನ್ಯವಾದ. ಹೂಬಿಟ್ಟ ಗಿಡ ಈಗ ಕಂಡಿತು. ಅದು ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ಚಿತ್ರಗಳು ಹೇಗೆ ಉಳಿದವು ಅನ್ನುವುದು ಮಾತ್ರ ಇನ್ನೂ ಗೊತ್ತಾಗಲಿಲ್ಲ. ಒಂದು ಕಡೆ ಅವರು ತೀರಿಕೊಂಡದ್ದು 1944ರ ಆಗಸ್ಟ್ 9 ಅಂತ ಓದಿದೆ, ಇನ್ನೊಂದು ಕಡೆ ಆಗಸ್ಟ್ 2 ಅಂತ. ಯಾವುದು ಸರಿ?

ಹಳೆ ಪಂಚಾಂಗ:

ಎರಡೂ ಸರಿಯಲ್ಲ. ಆಗಸ್ಟ್ 2 ಅವರಿದ್ದ ರೈಲು ಔಶ್ವಿಟ್ಜ್ ತಲುಪಿದ ದಿನ. ಹಳೆಯ ಪುಸ್ತಕಗಳು ಅದನ್ನೇ, ಇಲ್ಲಾ ಅದಾದ ಒಂದು ವಾರವನ್ನೇ ಸಾವಿನ ದಿನ ಅಂತ ಹಾಕಿಬಿಟ್ಟವು. ಆಮೇಲೆ ಶಿಬಿರದ ಆಸ್ಪತ್ರೆಯ ಕಾಗದ ಸಿಕ್ಕಿತು. 1944ರ ಸೆಪ್ಟೆಂಬರ್ 20ರಂದು ಕೈಬೆರಳಿನ ಗಾಯಕ್ಕೆ ಅವರಿಗೆ ಚಿಕಿತ್ಸೆ ಕೊಟ್ಟ ದಾಖಲೆ ಇದೆ. ಅಂದರೆ ಆಗಲೂ ಬದುಕಿದ್ದರು. ಅದರ ಮುಂದಿನ ದಿನಾಂಕ ಇಲ್ಲ.

ಆ ದಾಖಲೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅವರು ಬಚ್ಚಿಟ್ಟುಕೊಂಡಿದ್ದ ಬ್ರಸೆಲ್ಸ್‌ಗೆ ಸೆಪ್ಟೆಂಬರ್ 3ರಂದು ಬಿಡುಗಡೆ ಸಿಕ್ಕಿತ್ತು. ಅವರನ್ನು ಹಿಡಿದದ್ದು ಜೂನ್ 20ರಂದು, ಯಾರೋ ಸುಳಿವು ಕೊಟ್ಟಿದ್ದರಿಂದ. ಮೆಖೆಲೆನ್‌ನಿಂದ ರೈಲು ಹೊರಟದ್ದು ಜುಲೈ 31ಕ್ಕೆ. ಅದೇ ಅಲ್ಲಿಂದ ಔಶ್ವಿಟ್ಜ್‌ಗೆ ಹೋದ ಕೊನೆಯ ರೈಲು, ಅದರಲ್ಲಿ 563 ಜನ. ನಾಲ್ಕು ವರ್ಷ ತಪ್ಪಿಸಿಕೊಂಡಿದ್ದ ಮನುಷ್ಯನಿಗೆ ಇನ್ನು ಐದು ವಾರ ಸಿಗಲಿಲ್ಲ.

ಒಂಟಿ ಕಿಟಕಿ:

ಹಳೆ ಪಂಚಾಂಗ ಹೇಳಿದ್ದು ಸರಿ. ನಾನೂ ಮೊದಲು ಆಗಸ್ಟ್ ಅಂತಲೇ ತಿಳಿದಿದ್ದೆ. ನೂಲಿನ ಉಂಡೆಯವರಿಗೆ ನನ್ನ ಕ್ಷಮೆ. ಫೆಲ್ಕಾಗೆ ಒಂದೇ ವಾಕ್ಯ ಕೊಟ್ಟದ್ದು ನನ್ನ ತಪ್ಪು.

ಅಪ್ಪ, ಅಮ್ಮನ ಕಥೆಯನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚಿತ್ರಗಳು ಅರ್ಧ ಮಾತ್ರ ಅರ್ಥವಾಗುತ್ತವೆ. 1934ರಲ್ಲಿ ಅವರು ಇಟಲಿಯ ರಪಾಲೋಗೆ ಮಗನ ಹತ್ತಿರ ಬಂದಿದ್ದರು. ಆದರೆ ಅಪ್ಪನಿಗೆ ಜರ್ಮನಿಯೇ ಮನೆ. ವಾಪಸ್ ಹೋದರು. ಮಗ ಅವರನ್ನು ಮತ್ತೆ ನೋಡಲಿಲ್ಲ. 1938ರ ನವೆಂಬರ್ 9ರ ರಾತ್ರಿ ಒಸ್ನಾಬ್ರುಕ್‌ನ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಬೆಂಕಿ ಇಟ್ಟರು. 1926ರಲ್ಲಿ ಫೆಲಿಕ್ಸ್ ಅದರ ಒಳಗನ್ನು ಬರೆದಿದ್ದ, ತನ್ನನ್ನೂ ಅಲ್ಲಿ ಒಬ್ಬನಾಗಿ ಸೇರಿಸಿಕೊಂಡು. ಅಪ್ಪ, ಅಮ್ಮ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರು. 1944ರ ಫೆಬ್ರವರಿಯಲ್ಲಿ ಅವರನ್ನೂ ಔಶ್ವಿಟ್ಜ್‌ಗೆ ಕಳಿಸಿ ಕೊಂದರು. ಅಣ್ಣ ಯುಸ್ಟುಸ್, ಅತ್ತಿಗೆ, ಅವರ ಮಗಳು, ಯಾರೂ ಉಳಿಯಲಿಲ್ಲ.

ಚಿತ್ರಗಳು ಉಳಿದದ್ದು ಹೀಗೆ. ಅವನಿಗೆ ಸ್ನೇಹಿತರಿದ್ದರು. ಶಿಲ್ಪಿ ಡಾಲ್ಫ್ ಲೆಡೆಲ್ ಸ್ವಲ್ಪ ಕಾಲ ಗಂಡ ಹೆಂಡತಿ ಇಬ್ಬರನ್ನೂ ತಮ್ಮಲ್ಲಿ ಇಟ್ಟುಕೊಂಡಿದ್ದರು. ಪರಿಚಯದ ಒಬ್ಬ ದಂತವೈದ್ಯರ ಹತ್ತಿರ ಫೆಲಿಕ್ಸ್ ತನ್ನ ಚಿತ್ರಗಳನ್ನು ಕೊಟ್ಟ. ನಾನು ಸತ್ತರೂ ನನ್ನ ಚಿತ್ರಗಳನ್ನು ಸಾಯಲು ಬಿಡಬೇಡಿ, ಜನರಿಗೆ ತೋರಿಸಿ ಅಂತ ಕೇಳಿಕೊಂಡನಂತೆ. ಈ ಮಾತನ್ನು ಅವನ ಬಗ್ಗೆ ಬರೆಯುವ ಎಲ್ಲರೂ ನೆನೆಯುತ್ತಾರೆ. ಯುದ್ಧ ಮುಗಿದರೂ ಆ ಚಿತ್ರಗಳು ತುಂಬ ವರ್ಷ ನೆಲಮಾಳಿಗೆಯಲ್ಲೇ ಇದ್ದವು. ಸಂಬಂಧಿಕರ ಕೈ ಸೇರುವಷ್ಟರಲ್ಲಿ ಇಪ್ಪತ್ತೈದು ವರ್ಷ ಕಳೆದಿತ್ತು. ತೇವ ಹಿಡಿದು ಹಾಳಾಗಿದ್ದವನ್ನು ಸರಿಪಡಿಸಬೇಕಾಯಿತು. 1971ರಲ್ಲಿ ಒಸ್ನಾಬ್ರುಕ್‌ನಲ್ಲಿ ಅವನ್ನು ಜನರಿಗೆ ತೋರಿಸಿದರು. ಒಂದು ಇಡೀ ಊರು ತನ್ನ ಮಗನನ್ನು ಮರೆತು, ಚಿತ್ರಗಳಿಂದಾಗಿ ಮತ್ತೆ ನೆನಪು ಮಾಡಿಕೊಂಡಿತು.

ಈಗಿನ ಮ್ಯೂಸಿಯಂ ತೆರೆದದ್ದು 1998ರಲ್ಲಿ. ಕಟ್ಟಡ ಡೇನಿಯಲ್ ಲಿಬೆಸ್ಕಿಂಡ್ ಅವರದ್ದು. ಅವರ ಅಪ್ಪ, ಅಮ್ಮ ಹೋಲೊಕಾಸ್ಟ್‌ನಿಂದ, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆಯಿಂದ, ಉಳಿದು ಬಂದವರು. ಅವರು ಇದನ್ನು ಹೊರದಾರಿ ಇಲ್ಲದ ಮ್ಯೂಸಿಯಂ ಅಂತ ಕರೆದರು. ಮೂರು ಭಾಗ. ಒಂದಕ್ಕೆ ಓಕ್ ಮರದ ಹೊದಿಕೆ, ಒಂದು ಬರೀ ಕಾಂಕ್ರೀಟು, ಒಂದಕ್ಕೆ ಸತುವಿನ ತಗಡು. ಕಾಂಕ್ರೀಟಿನದ್ದು ಕಿರಿದಾದ, ಎತ್ತರದ ಓಣಿ. ನಾನು ಮೊದಲ ಸಲ ಹೋದಾಗ ಅರ್ಧ ಓಣಿಯಲ್ಲಿ ಉಸಿರು ಕಟ್ಟಿದ ಹಾಗಾಗಿ ವಾಪಸ್ ಬಂದುಬಿಟ್ಟೆ. ಮುಂದಿನ ವಾರ ಮತ್ತೆ ಹೋದೆ. ಚಿತ್ರಗಳನ್ನು ನೋಡಿದ್ದು ಆಗ.

ಓಣಿ ದಾಟಿ ಸಿಗುವ ಚಿತ್ರಗಳಲ್ಲಿ ನಾನು ಬಹಳ ಹೊತ್ತು ನಿಂತದ್ದು ಭೂಗೋಲಗಳ ಮುಂದೆ. 1939ರಲ್ಲಿ ಬರೆದ 'ನಿರಾಶ್ರಿತ' ಅನ್ನುವ ಚಿತ್ರದಲ್ಲಿ ಉದ್ದನೆಯ ಖಾಲಿ ಮೇಜು, ಅದರ ಮೇಲೆ ಶಾಲೆಯಲ್ಲಿ ಇರುವಂಥ ಭೂಗೋಲ. ದೂರದ ತುದಿಯಲ್ಲಿ ಒಬ್ಬ ತಲೆಗೆ ಕೈಕೊಟ್ಟು ಕೂತಿದ್ದಾನೆ, ಪಕ್ಕದಲ್ಲಿ ಗಂಟು, ಕೋಲು. ಎಷ್ಟು ದೊಡ್ಡ ಭೂಮಿ, ಹೋಗಲು ಒಂದು ಊರಿಲ್ಲ. ಆಮೇಲೆ 1942ರಲ್ಲಿ ಸಾಂ ಸಿಪ್ರಿಯಾನ್ ಶಿಬಿರವನ್ನು ನೆನಪಿನಿಂದ ಬರೆದ. ಅಲ್ಲೂ ಭೂಗೋಲ ಇದೆ. ಆದರೆ ಈ ಸಲ ಅದಕ್ಕೆ ತಂತಿ ಸುತ್ತಿದೆ, ಸುತ್ತಲೂ ಕೈದಿಗಳು. ಮೂರು ವರ್ಷದಲ್ಲಿ ಮೇಜಿನ ಮೇಲಿದ್ದ ಜಗತ್ತಿಗೆ ಏನಾಯಿತು ಅಂತ ಅವನು ಮಾತಿಲ್ಲದೆ ಹೇಳಿದ.

ಕೊನೆಯ ದಿನಾಂಕದ ಚಿತ್ರ ದೊಡ್ಡದು. 100 ಸೆಂಟಿಮೀಟರ್ ಎತ್ತರ, 150 ಅಗಲ. ಅಸ್ಥಿಪಂಜರಗಳು ವಾದ್ಯ ನುಡಿಸುತ್ತಿವೆ, ಮೇಲೆ ಆಕಾಶದಲ್ಲಿ ಗಾಳಿಪಟಗಳು, ಕೆಳಗೆ ಮನುಷ್ಯರು ಮಾಡಿದ ಎಲ್ಲದರ ಚೂರುಗಳು. ಆ ಕಸದಲ್ಲಿ ಕ್ಯಾಲೆಂಡರಿನ ಒಂದು ಹಾಳೆ ಬಿದ್ದಿದೆ, ಅದರ ಮೇಲೆ 1944ರ ಏಪ್ರಿಲ್ 18. ಅವನನ್ನು ಹಿಡಿಯಲು ಆಗ ಎರಡು ತಿಂಗಳು ಬಾಕಿ. ಹಾಡಿನ ಒಂದು ಹಾಳೆಯೂ ಇದೆ. ಶೋಕದ ಹಾಡಲ್ಲ, 'ಲ್ಯಾಂಬೆತ್ ವಾಕ್', ಲಂಡನ್ನಿನ ಕುಣಿತದ ಹಾಡು, ಯುದ್ಧಕ್ಕೆ ಸ್ವಲ್ಪ ಮುಂಚೆ ಯುರೋಪಿನ ಉದ್ದಗಲಕ್ಕೂ ಜನ ಕುಣಿಯುತ್ತಿದ್ದ ಹಾಡು. 1931ರ ಆ ತುಂಟ ಹುಡುಗ ನನಗೆ ಅಲ್ಲಿ ಮತ್ತೆ ಕಂಡ. ಅದಕ್ಕೇ ಹುಚ್ಚು ಚೌಕದಿಂದ ಶುರು ಮಾಡಿ ಅಂದದ್ದು.

ಕ್ಯಾನ್ವಾಸ್ ಚೀಲ:

ಆ ತುಂಟತನ ಮಧ್ಯದಲ್ಲೂ ಕಡಿದುಹೋಗಿರಲಿಲ್ಲ. ಓಸ್ಟೆಂಡ್‌ನಲ್ಲಿ ಅವರು ಜೇಮ್ಸ್ ಎನ್ಸೋರ್ ಅವರನ್ನು ಭೇಟಿಯಾದರು. ಮುಖವಾಡಗಳನ್ನು ಬರೆದೇ ಹೆಸರಾದ ಮುದುಕ ಚಿತ್ರಕಾರ. ಆಮೇಲೆ ಫೆಲಿಕ್ಸ್ ಚಿತ್ರಗಳಲ್ಲೂ ಮುಖವಾಡ ಬರುತ್ತದೆ. ಆ ವರ್ಷಗಳಲ್ಲಿ ತನ್ನ ಮುಖವನ್ನೇ ಎಷ್ಟು ಸಲ ಬರೆದಿದ್ದಾರೆ! ಒಂದರಲ್ಲಿ ಪಾತ್ರೆ ಒರೆಸುವ ಬಟ್ಟೆಯೂ ಇದೆ. ನಾನು ಹೇಳಿದ ಈಸೆಲ್ ಚಿತ್ರದಲ್ಲೂ ಹಿಂದುಗಡೆ ಮುಖವಾಡ ಒಂದು ತೂಗಾಡುತ್ತಿದೆ. ಮುಖದ ಮೇಲೆ ಇಲ್ಲ, ತೆಗೆದು ನೇತುಹಾಕಿದೆ.

ಇದ್ದಿಲ ಗೆರೆ ಅವರಿಗೆ ಒಂದು ಸಲಹೆ. ಗುರುತಿನ ಚೀಟಿಯ ಚಿತ್ರವನ್ನು ನಕಲು ಮಾಡಲು ಹೋಗಬೇಡಿ. ಈಸೆಲ್ ಚಿತ್ರದ ಭುಜವನ್ನು ನಕಲು ಮಾಡಿ. ಬೆಳಕು ಎಲ್ಲಿಂದ ಬರುತ್ತದೆ, ನೆರಳು ಕುತ್ತಿಗೆಯಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಇದ್ದಿಲಿಗೆ ಅದು ಒಳ್ಳೆಯ ಪಾಠ.

ಇದ್ದಿಲ ಗೆರೆ:

ನಿನ್ನೆ ರಾತ್ರಿ ಮೊದಲು ಹುಚ್ಚು ಚೌಕ ನೋಡಿದೆ. ಮಾಡಿನ ಮೇಲೆ ಕೂತ ಲೀಬರ್‌ಮನ್ ಸಿಕ್ಕಿದಾಗ ನಕ್ಕುಬಿಟ್ಟೆ. ಆಮೇಲೆ ಸಿನಗಾಗ್, ಆಮೇಲೆ ಭೂಗೋಲ, ಆಮೇಲೆ 'ಸಂಜೆ'. ಗುರುತಿನ ಚೀಟಿಯ ಚಿತ್ರಕ್ಕೆ ಬರುವಷ್ಟರಲ್ಲಿ ಆ ಮುಖ ನನಗೆ ಪರಿಚಯದವರದ್ದಾಗಿತ್ತು. ಮೊದಲ ಸಲ ನನಗೆ ನಕ್ಷತ್ರ, ಚೀಟಿ ಅಷ್ಟೇ ಕಂಡಿದ್ದವು. ಈ ಸಲ ಹುಬ್ಬು ಕಂಡಿತು. ಅದನ್ನು ಅವರು ಎಷ್ಟು ಸಲ ಬರೆದು ಬರೆದು ಕಲಿತಿದ್ದಾರೆ ಅನ್ನುವುದು ಕಂಡಿತು.

ಭುಜ ಬರೆಯಲು ಕೂತಿದ್ದೇನೆ. ಕುತ್ತಿಗೆಯ ನೆರಳು ಮೂರು ಸಲ ಅಳಿಸಿದೆ. ಒಂದು ಪ್ರಶ್ನೆ ಮಾತ್ರ, ಆ ಬಾಟಲಿಗಳ ಮೇಲೆ ಏನು ಬರೆದಿದೆ? ನನ್ನ ಪರದೆಯಲ್ಲಿ ಓದಲು ಆಗುತ್ತಿಲ್ಲ.

ಒಂಟಿ ಕಿಟಕಿ:

ಮೂರರ ಮೇಲೆ ಫ್ರೆಂಚ್ ಪದಗಳಿವೆ. ಒಂದರ ಮೇಲೆ ಊರಿನ ಹಂಬಲ ಅಂತ. ಒಂದರ ಮೇಲೆ ನೋವು ಅಂತ. ಒಂದರ ಮೇಲೆ 'ಯುಮ್ಯೂರ್', ಅಂದರೆ ಮನಸ್ಸಿನ ಲಹರಿ. ಇನ್ನೊಂದರ ಮೇಲೆ ಪದ ಇಲ್ಲ, ವಿಷದ ಬಾಟಲಿಗೆ ಹಾಕುವ ತಲೆಬುರುಡೆಯ ಗುರುತು.

ಬಣ್ಣ ಕಲಸಲು ಇಟ್ಟುಕೊಂಡವು ಅವು. ಕುಂಚ ಅದ್ದುವಷ್ಟು ಹತ್ತಿರದಲ್ಲೇ ಇವೆ.